ಹೊಂಬಾಳಮ್ಮನ ಎಡೆಗೆ ಏನಿಡುವುದು

ಹೊಂಬಾಳಮ್ಮ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಆಡಿ ಹೋದರು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಮೊದಲು ಹೇಳುವರು. ಆಮೇಲೆ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಟವಲಿನಿಂದ ಮೀಸೆ ಒರೆಸಿಕೊಂಡು, "ಏನೇ ಅನ್ನು ಕರಿಯಪ್ಪ, ಬಾಳಾ ಅಡ್ಜಸ್ಟ್ ಆಯ್ತಿದ್ದ ಎಂಗ್ಸು ಕಣಪ್ಪ" ಎನ್ನುವರು.

ಮೊದಲೆರಡು ದಿನ ಈ ಮಾತು ಕರಿಯಪ್ಪನಿಗೆ ಸಮಾಧಾನವನ್ನೇ ಕೊಟ್ಟಿತು. ಹೆಂಡತಿಯ ಹೊಗಳಿಕೆಯಲ್ಲಿ ಗಂಡನಿಗೂ ಒಂದು ಪಾಲು ಇರುತ್ತದಷ್ಟೆ. ಅದೂ ಅಲ್ಲದೆ ಆ ಮಾತು ಅವನದೇ ಆಗಿತ್ತು. ಮದ್ದೂರಿನಿಂದ ಮಳವಳ್ಳಿ ಹಾದು ಬೆಳಕವಾಡಿಯವರೆಗೆ ಓಡುತ್ತಿದ್ದ ಖಾಸಗಿ ಬಸ್ಸೊಂದರಲ್ಲಿ ಅವನು ಕೂದಲು ನರೆಯುವ ತನಕ ಕಂಡಕ್ಟರಾಗಿದ್ದವನು. ಇಂಗ್ಲಿಷು ಎಂದರೆ ಟಿಕೆಟ್ಟು, ರೈಟು, ಸ್ಟಾಪು ಇಷ್ಟೇ ಬರುತ್ತಿದ್ದ ಅವನಿಗೆ ಇದೊಂದು ಮಾತು ಮಾತ್ರ ಮಂತ್ರದಂತೆ ಒಲಿದಿತ್ತು. ಇಬ್ಬರು ಕೂರುವ ಸೀಟಿನಲ್ಲಿ ಮೂರನೆಯವನನ್ನು ತೂರಿಸಬೇಕಾದರೆ ಅಡ್ಜಸ್ಟ್. ಬೆಲ್ಲದ ಮೂಟೆ ಯಾರದೋ ಕಾಲ ಮೇಲೆ ಕೂತರೆ ಅಡ್ಜಸ್ಟ್. ಚಿಲ್ಲರೆ ಇಲ್ಲ ಎನ್ನುವುದಕ್ಕೂ ಅದೇ, ಬಸ್ಸು ತಡ ಎನ್ನುವುದಕ್ಕೂ ಅದೇ. ಮಾತು ಒಂದಾದರೂ ಅದರ ಬಟ್ಟೆ ಬೇರೆ ಬೇರೆ. ಬಲವಿದ್ದವನಿಗೆ ಹೇಳುವಾಗ ಅದು ಕೈ ಮುಗಿಯುವ ಮಾತು, ಬಲವಿಲ್ಲದವನಿಗೆ ಹೇಳುವಾಗ ಬಾಯಿ ಮುಚ್ಚಿಸುವ ಮಾತು. ಸೀಮೆಯ ಜನವೆಲ್ಲ ಹಾಗೆಯೇ ಆಡುತ್ತಿದ್ದರು. ನಾಲೆಯ ನೀರಿನ ಸರದಿ ತಪ್ಪಿದವನಿಗೂ, ಚುನಾವಣೆಯಲ್ಲಿ ಸೋತವನಿಗೂ, ಹೆಣ್ಣು ನೋಡಲು ಹೋದ ಮನೆಯಲ್ಲೂ ಅದನ್ನೇ ಆಡುತ್ತಿದ್ದರು. "ಉಡುಗಿ ಅಡ್ಜಸ್ಟ್ ಆಯ್ತಾಳಾ?" ಎಂದು ಕರಿಯಪ್ಪನ ತಾಯಿಯೂ ಕೇಳಿದ್ದಳು.

ಹೊಂಬಾಳಮ್ಮ ಆದಳು. ಒಂದೇ ಕೋಣೆಯ ಮನೆಗೆ, ಕೈಕಾಲು ಬಿದ್ದುಹೋದ ಅತ್ತೆಗೆ, ಬಾಣಂತನಕ್ಕೆ ಬಂದು ವರ್ಷವಾದರೂ ಹೋಗದ ನಾದಿನಿಗೆ. ರಾತ್ರಿ ಬಸ್ಸಿನಿಂದ ಇಳಿದು ಬಂದ ಕರಿಯಪ್ಪ ಅವಳ ಮುಖ ನೋಡುವ ಮೊದಲೇ "ಒಸಿ ಅಡ್ಜಸ್ಟ್ ಮಾಡ್ಕೊ" ಎನ್ನುತ್ತಿದ್ದ. ಅವಳು "ಊಂ" ಎನ್ನುತ್ತಿದ್ದಳು. ಸಂಸಾರ ಸಾಗಿತು.

ಒಂಬತ್ತನೆಯ ದಿನ ಮಧ್ಯಾಹ್ನ ನಡುಮನೆಯಲ್ಲಿ ತಿಥಿಯ ಮಾತು ಬಂತು. ಕರಿಯಪ್ಪನ ಅಕ್ಕ ಚಿಕ್ಕಮಾದಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮಗ ಸಿದ್ದೇಶ್ ಗೆಜ್ಜಲಗೆರೆಯ ಕಾರ್ಖಾನೆಗೆ ರಜೆ ಹಾಕಿ ಮನೆಯಲ್ಲೇ ಇದ್ದ. ಸೊಸೆ ಅರ್ಪಿತ ಬಾಗಿಲ ಬಳಿ ನಿಂತಿದ್ದಳು.

"ಎಡೆಗೆ ಏನೇನ್ ಮಾಡಾದು, ಯೋಳ್ಬುಡಪ್ಪ," ಎಂದಳು ಚಿಕ್ಕಮಾದಮ್ಮ. "ಸಾಮಾನು ತರ್ಸ್‌ಬೇಕಲ್ಲ."

ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಟ್ಟು ತಿನ್ನುತ್ತಿದ್ದರೋ ಅದನ್ನು ತಿಥಿಯ ದಿನ ಎಲೆಯ ಮೇಲೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುವುದು ಆ ಕಡೆಯ ಪದ್ಧತಿ. ಸತ್ತವರು ಬಂದು ಉಂಡು ತೃಪ್ತರಾಗಿ ಹೋಗುತ್ತಾರೆ. ಇಷ್ಟವಾದದ್ದು ಇಲ್ಲದಿದ್ದರೆ ಹಸಿದುಕೊಂಡೇ ತಿರುಗುತ್ತಾರೆ. ಕರಿಯಪ್ಪ ಇದನ್ನು ನಂಬಿದವನು. ಅವನ ಅಪ್ಪನ ಎಡೆಗೆ ಬೀಡಿಕಟ್ಟು, ಬೆಂಕಿಪೊಟ್ಟಣ, ಗಿಣ್ಣು ಇಟ್ಟಿದ್ದರು. ಅವ್ವನ ಎಡೆಗೆ ಹೊಗೆಸೊಪ್ಪು, ಹುರುಳಿ ಬಸ್ಸಾರು. ಎರಡು ಸಲವೂ ಯಾರನ್ನೂ ಕೇಳದೆ, ಒಂದನ್ನೂ ಮರೆಯದೆ ಎಲ್ಲವನ್ನೂ ಒದಗಿಸಿದವಳು ಹೊಂಬಾಳಮ್ಮನೇ.

"ಕಜ್ಜಾಯ ಮಾಡಿ," ಎಂದ ಕರಿಯಪ್ಪ. "ಕಜ್ಜಾಯ ಅಂದ್ರೆ ಅವ್ಳಿಗೆ ಪ್ರಾಣ."

ಅರ್ಪಿತ ಸೆರಗು ತಿರುವಿಕೊಂಡು ಮೆಲ್ಲಗೆ ಹೇಳಿದಳು. "ಮಾವ, ಕಜ್ಜಾಯ ನಿಮಗಿಷ್ಟ. ಅತ್ತೆ ಎಣ್ಣೆ ಆಗಲ್ಲ ಅಂತ ಮುಟ್ತಾನೇ ಇರ್ಲಿಲ್ಲ."

"ಹಂಗಾರೆ ಒಬ್ಬಟ್ಟು."

"ಅದು ನಂಗೆ ಮಾಡೋಳು," ಎಂದ ಸಿದ್ದೇಶ್, ನೆಲ ನೋಡುತ್ತ.

ಕರಿಯಪ್ಪ ನೆನೆದು ನೋಡಿದ. ಬಸ್ಸಿನಲ್ಲಿ ದಿನಾ ಓಡಾಡುತ್ತಿದ್ದವರಲ್ಲಿ ಯಾರು ಎಲ್ಲಿ ಹತ್ತುತ್ತಾರೆ, ಯಾರು ಎಲ್ಲಿ ಇಳಿಯುತ್ತಾರೆ, ಯಾರಿಗೆ ಕಿಟಕಿ ಪಕ್ಕ ಬೇಕು, ಯಾರಿಗೆ ವಾಂತಿ ಬರುತ್ತದೆ ಎಲ್ಲವೂ ಅವನಿಗೆ ಇಂದಿಗೂ ನೆನಪಿದೆ. ಮೂವತ್ತು ಚಿಲ್ಲರೆ ವರ್ಷ ಅನ್ನ ಬಡಿಸಿದವಳು ತಾನೇನು ತಿನ್ನುತ್ತಿದ್ದಳು ಎಂಬುದು ನೆನಪಿಗೆ ಬರಲಿಲ್ಲ. ಅವಳು ಉಣ್ಣುವುದನ್ನೇ ಅವನು ಕಂಡಿರಲಿಲ್ಲ. ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಕೂತು ಉಳಿದದ್ದನ್ನು ಉಂಡೇಳುತ್ತಿದ್ದಳು. ಆ ಹೊತ್ತಿನಲ್ಲಿ ಇವನಿಗೆ ನೀರೋ ಹಾಸಿಗೆಯೋ ಬೇಕಾಗುತ್ತಿತ್ತು.

ಚಿಕ್ಕಮಾದಮ್ಮ ಮೊರ ಕೊಡವಿದಳು. "ಓಗ್ಲಿ ಬುಡು. ನಮ್ ಕೈಲಾದ್ದು ನಾಕು ಬಗೆ ಮಾಡಿ ಇಕ್ಕನ. ಅವ್ಳೇನ್ ಇಂತದೇ ಬೇಕು ಅನ್ನೋ ಜಾತಿಯೋಳಾ? ಅಡ್ಜಸ್ಟ್ ಮಾಡ್ಕೋತಾಳೆ."

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಕರಿಯಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ಸತ್ತು ಮಣ್ಣು ಸೇರಿದವಳಿಗೂ ಈ ಮನೆಯಲ್ಲಿ ಅದೇ ಮಾತು. ಸೊಸೆ ನೋಡುತ್ತಿದ್ದಳು, ಮಗ ನೋಡುತ್ತಿರಲಿಲ್ಲ. ಎರಡೂ ಸಹಿಸಲಾಗದೆ ಅವನು ಗಟ್ಟಿಯಾಗಿ, "ನನ್ನೆಂಡ್ತಿಗೆ ಏನಿಷ್ಟ ಅಂತ ನಂಗೊತ್ತಿಲ್ವಾ? ಗೊತ್ತು. ನಾನೇ ತತ್ತೀನಿ, ಸುಮ್ಕಿರಿ ಎಲ್ಲಾ" ಎಂದುಬಿಟ್ಟ.

ಮರುದಿನ ಬೆಳಿಗ್ಗೆ ಎದ್ದವನೇ ಬೆಳಕವಾಡಿಯ ಬಸ್ಸು ಹಿಡಿದ. ಅದು ಹೊಂಬಾಳಮ್ಮನ ತವರು. ಅಲ್ಲಿ ಅವಳ ತಮ್ಮ ಮಹದೇವು ಇದ್ದ. ಬಸ್ಸಿನ ತುಂಬ ಹೆಂಗಸರು. ಹೇಗೋ ಒಂದು ಸೀಟು ಸಿಕ್ಕಿತ್ತು. ಕಂಡಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮಗು ಎತ್ತಿಕೊಂಡವಳೊಬ್ಬಳನ್ನು ಕರೆತಂದು, "ಯಜಮಾನ್ರೆ, ಒಸಿ ಅಡ್ಜಸ್ಟ್ ಮಾಡ್ಕಳಿ" ಎಂದಳು. ಕರಿಯಪ್ಪ ಸರಿದ. ಅರ್ಧ ಕುಂಡೆ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ತಿರುವು ಬಂದಾಗಲೆಲ್ಲ ಕಂಬಿ ಬಿಗಿಯಾಗಿ ಹಿಡಿದು ಕಾಲೂರಬೇಕು. ಕೊಪ್ಪದ ಕಡೆಯ ಜನವನ್ನು, ಮಳವಳ್ಳಿ ಸಂತೆಯ ಜನವನ್ನು ಹೀಗೆ ಎಷ್ಟು ವರ್ಷ ಕೂರಿಸಿದ್ದನೋ. ಹೇಳಿ ಮುಂದಕ್ಕೆ ಹೋಗುತ್ತಿದ್ದ. ಹೇಳಿಸಿಕೊಂಡವರು ಊರು ಮುಟ್ಟುವ ತನಕ ಹೇಗೆ ಕೂತಿರುತ್ತಾರೆ ಎಂದು ತಿರುಗಿ ನೋಡಿರಲಿಲ್ಲ.

ಮಳವಳ್ಳಿ ದಾಟಿದ ಮೇಲೆ ಒಂದು ಇಳಿಜಾರು ಬರುತ್ತದೆ. ಅಲ್ಲೇ ಹಿಂದೊಮ್ಮೆ ಅವನ ಬಸ್ಸು ಬ್ರೇಕು ಹಿಡಿಯುವಾಗ ಒಂದೇ ಪಕ್ಕಕ್ಕೆ ಎಳೆದುಕೊಂಡು ಹೋಗಿ ಹುಣಸೆಮರಕ್ಕೆ ಒರಗಿ ನಿಂತಿತ್ತು. ಹಿಂದಿನ ಸಂಜೆ ಮೇಸ್ತ್ರಿ ಬ್ರೇಕು ಅಡ್ಜಸ್ಟ್ ಮಾಡಿದ್ದ. ಆದರೆ ಹೊತ್ತಾಯಿತೆಂದು ಒಂದೇ ಚಕ್ರಕ್ಕೆ ಮಾಡಿ ಬಿಟ್ಟಿದ್ದ. ಯಾರಿಗೂ ಏನೂ ಆಗಲಿಲ್ಲ. ಕರಿಯಪ್ಪ ಆ ಮರದ ಬುಡದಲ್ಲೇ ಕೂತು ಮಲೆಯ ಮಾದಪ್ಪನಿಗೆ ಹರಕೆ ಹೊತ್ತ. ಇನ್ನು ಮಾಂಸ, ಮೀನು ಮುಟ್ಟುವುದಿಲ್ಲ ತಂದೆ ಎಂದ. ಮನೆಗೆ ಬಂದು, "ಇವತ್ತಿಂದ ಈ ಮನೇಲಿ ಬಾಡೂ ಇಲ್ಲ, ಮೀನೂ ಇಲ್ಲ. ಅಡ್ಜಸ್ಟ್ ಮಾಡ್ಕೊ" ಎಂದ. ಅವಳು "ಊಂ" ಎಂದಳು. ಆಮೇಲೆ ಅವನಿಗೆ ಹೊಟ್ಟೆಹುಣ್ಣು ಬಂತು. ಡಾಕ್ಟರು ಖಾರ ಕೂಡದೆಂದರು. ಅಡುಗೆಮನೆಯಿಂದ ಖಾರವೂ ಹೋಯಿತು. ಅದಕ್ಕೂ ಅವಳು "ಊಂ" ಎಂದಿದ್ದಳು.

ಮಹದೇವು ಹೊಳೆಯ ಕಡೆಯ ಗದ್ದೆಯಲ್ಲಿದ್ದ. ಭಾವ ಬಂದದ್ದು ಕಂಡು ಕೈಕಾಲು ತೊಳೆದು ಬಂದು ಬದುವಿನ ಮೇಲೆ ಟವಲು ಹಾಸಿದ. ಕರಿಯಪ್ಪ ಸುತ್ತಿ ಬಳಸಿ ವಿಷಯಕ್ಕೆ ಬಂದ.

"ಎಡೆಗೆ ಏನಿಕ್ಕಬೇಕು ಅಂತ... ನಂಗೊತ್ತು. ಆದ್ರೂ ತವರು ಕಡೆಯೋರ ಒಂದ್ ಮಾತು ಕೇಳವ ಅಂತ ಬಂದೆ."

ಮಹದೇವು ಅವನ ಮುಖ ನೋಡಿದ. ನೋಡಿ ನಾಲೆಯ ಕಡೆ ತಿರುಗಿದ. ಗೊತ್ತಿಲ್ಲವೆಂಬುದು ಅವನಿಗೆ ಗೊತ್ತಾಯಿತು. ಅದನ್ನು ಬಾಯಿಬಿಟ್ಟು ಆಡದೆ ಬಿಟ್ಟದ್ದು ಅವನ ದೊಡ್ಡತನ.

"ಚಿಕ್ಕೋಳಾಗಿದ್ದಾಗ ಮೀನು ಅಂದ್ರೆ ಉಸ್ರು ಬುಡೋಳು ಭಾವ. ಒಳೆ ಮೀನು ಸಾರು ಒಲೆಯಿಂದ ಇಳ್ಸೋಕೂ ಬುಡ್ತಿರ್ಲಿಲ್ಲ. ನೀವು ಮಾದಪ್ಪಂಗೆ ಬುಟ್ರಲ್ಲ, ಅವ್ಳೂ ಬುಟ್ಳು. ಇಲ್ಲಿಗ್ ಬಂದಾಗ್ಲೂ, ನಮ್ಮನೇಲಿ ಇಲ್ಲ ಕಣೋ ಅನ್ನೋಳು. ಆಮೇಲೆ ಏನ್ ತಿಂತಿದ್ಳೋ ನಂಗೇನ್ ಗೊತ್ತು?" ಬದುವಿನ ಹುಲ್ಲು ಕೀಳುತ್ತ ಅವನೇ ಹೇಳಿದ. "ನಿಮ್ಮೂರಲ್ಲಿ ಮರಿತಾಯಮ್ಮ ಅಂತ ಅವ್ರಲ್ಲ, ಅವ್ರನ್ನ ಕೇಳಿ. ಅಕ್ಕ ನಂಗೆ ಫೋನ್ ಮಾಡಿದ್ರೆ ಅವ್ರ ಮನೆಯಿಂದ್ಲೇ ಮಾಡೋಳು. ನಗ್ತಾ ಮಾತಾಡೋಳು."

ನಗ್ತಾ ಎಂಬ ಮಾತನ್ನು ಕರಿಯಪ್ಪ ವಾಪಸು ಬರುವ ಬಸ್ಸಿನ ಉದ್ದಕ್ಕೂ ನೆನೆದ. ಮನೆಯಲ್ಲಿ ಅವಳು ನಕ್ಕದ್ದು ಅವನಿಗೆ ನೆನಪಾಗಲಿಲ್ಲ.

ಮರಿತಾಯಮ್ಮನ ಮನೆ ಕೆರೆ ಏರಿಯ ಕೆಳಗಿನ ಬೀದಿಯಲ್ಲಿತ್ತು. ಅವಳೂ ಹೊಂಬಾಳಮ್ಮನೂ ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಒಂದೇ ಸಾಲಿನಲ್ಲಿ ಬಟ್ಟೆ ಹೊಲಿದವರು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಹೊಂಬಾಳಮ್ಮ "ಸಂಘದ ಮೀಟಿಂಗು" ಎಂದು ಹೋಗುತ್ತಿದ್ದುದು ಆ ಮನೆಗೇ ಎಂದು ಕರಿಯಪ್ಪನಿಗೆ ಗೊತ್ತಿತ್ತು. ಆದರೆ ಆ ಬೀದಿಯ ಯಾವ ಮನೆಯಲ್ಲೂ ಅವನು ಕೂತವನಲ್ಲ. ಮೇಲುಬೀದಿಯ ಗಂಡಸರು ಅಲ್ಲಿ ನಿಂತು ಮಾತಾಡಿ ಬರುತ್ತಿದ್ದರೇ ಹೊರತು ಹೊಸಿಲು ದಾಟುತ್ತಿರಲಿಲ್ಲ.

ಮರಿತಾಯಮ್ಮ ಸೊಪ್ಪು ಬಿಡಿಸುತ್ತಿದ್ದಳು. ಗೋಡೆಯ ಮೇಲೆ ಬುದ್ಧನ ಪಟ, ಅಂಬೇಡ್ಕರರ ಪಟ, ಮಳವಳ್ಳಿಯಲ್ಲಿ ಲಾಯರಾಗಿರುವ ಮಗ ರವಿಚಂದ್ರನ ಕಪ್ಪು ಕೋಟಿನ ಫೋಟೊ.

"ಬನ್ನಿ ಒಳಕ್ಕೆ," ಎಂದಳು.

"ಇರ್ಲಿ, ಇಲ್ಲೇ ಒಂದ್ ಮಾತು..."

"ನಿಂತ್ಕೊಂಡು ಕೇಳೋರ್ಗೆ ನಾನ್ ಕೂತ್ಕೊಂಡು ಯೋಳಕಿಲ್ಲ."

ಕರಿಯಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಕೈಗೆಟುಕುವಂತೆ ಒಂದು ಮಣೆ ಇತ್ತು. ಅದನ್ನು ಎಳೆದುಕೊಳ್ಳಲು ಬಗ್ಗಿದ.

"ಅದು ಬ್ಯಾಡಿ. ಕುರ್ಚಿ ಮ್ಯಾಲೆ ಕೂತ್ಕಳಿ. ಅದು ಅವ್ಳು ಕೂರೋ ಮಣೆ."

ಅವನು ಕುರ್ಚಿಯ ಮೇಲೆ ಕೂತ. ಸಂಘದ ಮಾತೆತ್ತಿದ. ಮೀಟಿಂಗಿನಲ್ಲಿ ಎಲ್ಲರೂ ಏನಾದರೂ ತಿನ್ನುತ್ತಿದ್ದಿರಬೇಕಲ್ಲ ಎಂದ.

"ಯಾವ ಸಂಘ?" ಮರಿತಾಯಮ್ಮ ಸೊಪ್ಪಿನಿಂದ ತಲೆ ಎತ್ತಿದಳು. "ಸಂಘ ಮುಚ್ಚಿ ಎಷ್ಟು ವರ್ಷ ಆಯ್ತು! ಅವ್ಳು ಬತ್ತಿದ್ದುದು ಊಟಕ್ಕೆ."

"ಊಟಕ್ಕಾ?"

"ಮತ್ತೆ? ಭಾನುವಾರ ಒಣಮೀನು ಸಾರು, ಬದ್ನೇಕಾಯಿ ಆಕಿ. ಬಿಸಿ ಮುದ್ದೆ. ಬರೋವಾಗ್ಲೇ ಸೆರಗಲ್ಲಿ ಅಸಿಮೆಣಸಿನಕಾಯಿ ಕಟ್ಕೊಂಡು ಬರೋಳು. ಕರಕರ ಅಂತ ಕಡ್ಕೊಳೋಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದ್ರೂ ಬುಡೋಳಲ್ಲ."

ಕರಿಯಪ್ಪ ನಂಬದವನಂತೆ ಕೂತಿದ್ದ. ಏನಾದರೂ ಹೇಳಬೇಕೆಂದು, ಬಂದವರೆಲ್ಲ ಹೇಳಿದ್ದನ್ನೇ ಹೇಳಿದ. "ಎಲ್ರೂ ಅಂತಾರೆ, ಬಾಳಾ ಅಡ್ಜಸ್ಟ್ ಆಗೋಳು ಅಂತ."

ಮರಿತಾಯಮ್ಮನಿಗೆ ನಗು ಬಂತು. ನಗುತ್ತ ನಗುತ್ತ ಅವಳ ಕಣ್ಣು ತುಂಬಿತು. "ಯಾರು, ಒಂಬಾಳಾ? ಇದೇ ಮನೇಲಿ ಸಾರಿಗೆ ಉಳಿ ಸಾಲ್ದು ಅಂತ ತಟ್ಟೆ ತಳ್ಬುಟ್ಟು ಕೂತಿದ್ದೋಳು! ಮೀನಿನ ತಲೆ ನಂಗೇ ಬೇಕು ಅಂತ ನನ್ ಮಗನ ತಟ್ಟೆಗೇ ಕೈ ಆಕ್ತಿದ್ದೋಳು! ಆ ಮಾತು ಕಂಡ್ರೆ ಅವ್ಳಿಗಾಯ್ತಿರ್ಲಿಲ್ಲ ಕಣಪ್ಪ. ಫ್ಯಾಕ್ಟ್ರಿ ಬಸ್ಸಲ್ಲಿ ಯಾರಾರ ಅಡ್ಜಸ್ಟ್ ಮಾಡ್ಕೊ ಅಂದ್ರೆ ಸಾಕು, ಅಯ್ಯೋ, ನಮ್ಮನೆ ಕಂಡಕ್ಟ್ರು ಇಲ್ಲಿಗೂ ಬಂದ್ನಾ ಅನ್ನೋಳು. ಬಸ್ಸೆಲ್ಲಾ ನಗೋದು."

ಹೇಳಿದ ಮೇಲೆ ಅವಳಿಗೆ ಹೇಳಬಾರದಿತ್ತು ಅನ್ನಿಸಿತೋ ಏನೋ, ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡತೊಡಗಿದಳು. ಕರಿಯಪ್ಪನ ಕಿವಿ ಕಾದಿತ್ತು. ಆ ಬಸ್ಸಿನ ಹುಡುಗಿಯರಲ್ಲಿ ಅರ್ಧ ಜನ ಅವನಿಗೆ ಗೊತ್ತಿದ್ದವರು. ದಾರಿಯಲ್ಲಿ ಸಿಕ್ಕರೆ ಅಣ್ಣ ಎಂದು ಮಾತಾಡಿಸುತ್ತಿದ್ದರು. ಅವರೆಲ್ಲ ಮುಖ ತಿರುಗಿಸಿ ನಗುತ್ತಿದ್ದಿರಬೇಕು. ಆದರೆ ಅದಕ್ಕಿಂತ ಹೆಚ್ಚಾಗಿ ಅವನನ್ನು ಚುಚ್ಚಿದ್ದು ಬೇರೆ. ತಟ್ಟೆ ತಳ್ಳುವ, ಮೀನಿನ ತಲೆಗೆ ಜಗಳಾಡುವ, ಬಸ್ಸು ತುಂಬ ನಗಿಸುವ ಹೆಂಗಸೊಬ್ಬಳು ಇದ್ದಳು. ಅವಳನ್ನು ಅವನು ಕಂಡೇ ಇರಲಿಲ್ಲ. ಅವನ ಮನೆಗೆ ಬರುವಾಗ ಅವಳನ್ನು ಈ ಮಣೆಯ ಮೇಲೆ ಬಿಟ್ಟು, "ಊಂ" ಎನ್ನುವ ಇನ್ನೊಬ್ಬಳು ಬರುತ್ತಿದ್ದಳು.

"ಎಡೆಗೆ ಅದನ್ನೇ ಇಕ್ಕಬೇಕು," ಎಂದ.

ಮರಿತಾಯಮ್ಮ ಸೊಪ್ಪಿನ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಾನ್ ಮಾಡಿದ್ ಸಾರು ನಿಮ್ಮನೆ ಎಡೆಗೆ ಇಕ್ತೀರಾ?"

ಹೂಂ ಎನ್ನಬೇಕೆಂದೇ ಕರಿಯಪ್ಪ ಬಾಯಿ ತೆರೆದ. ನಡುಮನೆಯಲ್ಲಿ ಅಕ್ಕ ಕೂತಿರುವುದು, ನೆಂಟರು ಬರುವುದು, ಮೇಲುಬೀದಿಯ ಜಗಲಿಗಳು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಬಾಯಿಂದ ಬಂದದ್ದು ಬೇರೆ. "ಎಂಗೆ ಮಾಡಾದು ಅಂತ ನಮ್ಮ ಅರ್ಪಿತಂಗೆ ಒಸಿ ಯೋಳ್ಕೊಟ್ರೆ... ಅವ್ಳೇ ಮಾಡ್ತಾಳೆ."

"ಓ," ಎಂದಳು ಮರಿತಾಯಮ್ಮ. "ಅಡ್ಜಸ್ಟ್‌ಮೆಂಟಾ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಸೊಪ್ಪಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಕರಿಯಪ್ಪ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಬಿದ್ದ.

ಮನೆಗೆ ಬಂದು ಸ್ನಾನ ಮಾಡಿ ಮಾದಪ್ಪನ ಪಟದ ಮುಂದೆ ಕೂತ. ವಿಭೂತಿ ಹಚ್ಚಿಕೊಂಡ. ಅವನು ದಿನಾ ಎರಡು ಹೊತ್ತು ಕೈ ಮುಗಿದವನು, ವರ್ಷಕ್ಕೊಮ್ಮೆ ಬೆಟ್ಟ ಹತ್ತಿ ತಪ್ಪದೆ ಮುಡಿ ಕೊಟ್ಟವನು. ದೇವರಿಗೆ ತಾನೇನೂ ಬಾಕಿ ಉಳಿಸಿಲ್ಲ ಎಂದು ಅವನಿಗೆ ಒಂದು ಬಿಂಕ ಇತ್ತು. ಇವತ್ತು ಪಟ ನೋಡುವುದಕ್ಕೆ ಕಣ್ಣೇ ಏಳಲಿಲ್ಲ. ಹರಕೆ ಹೊತ್ತದ್ದು ತನ್ನ ನಾಲಿಗೆ, ತೀರಿಸಿದ್ದು ಅವಳ ನಾಲಿಗೆ. ಮಾದಪ್ಪ ಅವಳ ಮೀನನ್ನು ಕೇಳಿರಲಿಲ್ಲ. ಒಂದೇ ಚಕ್ರಕ್ಕೆ ಬಿಗಿ ಮಾಡಿ ಬಸ್ಸು ಕಳಿಸಿದ ಮೇಸ್ತ್ರಿಯನ್ನು ಅಂದು ಮರದ ಬುಡದಲ್ಲಿ ಎಷ್ಟು ಬೈದಿದ್ದ! ಆಮೇಲೆ ಮನೆಗೆ ಬಂದು ತಾನು ಮಾಡಿದ್ದೂ ಅದೇ ಕೆಲಸ, ಬಿಗಿಯೆಲ್ಲ ಅವಳೊಬ್ಬಳಿಗೇ. ಈಗ ಅವಳ ಕೊನೆಯ ಊಟದಲ್ಲೂ ಅವಳಿಗೆ ಬೇಕಾದ ಕೈಯನ್ನು ಬಿಟ್ಟು, ತನಗೆ ಬೇಕಾದ ಕೈಯಿಂದ ಮಾಡಿಸಲು ಹೊರಟಿದ್ದಾನೆ.

"ತಪ್ಪಾಯ್ತು" ಎಂದ. ದೇವರಿಗೆ ಹೇಳಿದನೋ ಅವಳಿಗೋ ಅವನಿಗೇ ತಿಳಿಯಲಿಲ್ಲ.

ಹೊತ್ತು ಮುಳುಗುವ ಮುಂಚೆ ಮತ್ತೆ ಕೆಳಬೀದಿಗೆ ಹೋದ. ಈ ಸಲ ಹೊಸಿಲು ದಾಟಿಯೇ ನಿಂತ. "ಮರಿತಾಯಮ್ಮ, ನಿಮ್ಮ ಕೈಲೇ ಮಾಡ್ಕೊಡಿ. ನೀವೇ ಬಂದು ಬಡ್ಸಿ."

"ಮಾಡ್ಕೊಡ್ತೀನಿ. ಬರಕಿಲ್ಲ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ಅವ್ಳಿದ್ದಾಗ ಒಂದಿನ ಕರೀಲಿಲ್ಲ ನಿಮ್ಮನೆಯೋರು. ಈಗ ಎಡೆ ಮುಂದೆ ನನ್ನ ಕೂರ್ಸಿ ನಿಮ್ಮ ಮನಸ್ಸು ಅಗುರ ಮಾಡ್ಕೊಳೋದ್ ಬ್ಯಾಡ. ಬೆಳಿಗ್ಗೆ ನೀವೇ ಬಂದು ಇಸ್ಕೊಂಡೋಗಿ." ಅವನು ತಿರುಗಿದಾಗ ಹಿಂದಿನಿಂದ ಹೇಳಿದಳು. "ಸಾರು ಇಸ್ಕೊಂಡು ಮನೆಗಳ ಬೆನ್ನಿಗಿರೋ ಇತ್ಲ ದಾರೀಲಿ ಓಗ್ಬೇಡಿ. ಅವ್ಳು ಇಷ್ಟು ವರ್ಷ ಇತ್ಲ ದಾರೀಲೇ ಬಂದ್ಳು, ಇತ್ಲ ದಾರೀಲೇ ಓದ್ಳು. ನೀವು ಬೀದೀಲೇ ಓಗಿ."

ತಿಥಿಯ ಬೆಳಿಗ್ಗೆ ಕರಿಯಪ್ಪ ಬಿಳಿ ಪಂಚೆ ಉಟ್ಟು, ಮುಚ್ಚಳ ಮುಚ್ಚಿದ ಸ್ಟೀಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀದಿಯ ನಡುವೆ ಬಂದ. ಒಣಮೀನಿನ ಸಾರು ಮುಚ್ಚಳಕ್ಕೆ ಬಗ್ಗುವಂಥದಲ್ಲ. ಅದರ ವಾಸನೆ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿತ್ತು. ಜಗಲಿಯ ಮೇಲೆ ಕೂತವರು ಮಾತು ನಿಲ್ಲಿಸಿದರು.

"ಏನ್ಲಾ ಕರಿಯಪ್ಪ, ಮಾದಪ್ಪನ ಒಕ್ಕಲು ಮೀನ್ ವ್ಯಾಪಾರಕ್ಕೆ ಇಳ್ದ್ಬುಟ್ಯಾ?" ಎಂದ ಅವನ ಓರಗೆಯವನೊಬ್ಬ.

"ನನ್ನೆಂಡ್ತಿ ಊಟ ಕಣ್ಲಾ," ಎಂದ ಕರಿಯಪ್ಪ. ಅಷ್ಟು ಹೇಳುವುದರಲ್ಲಿ ಅವನ ಕಂಕುಳು ಬೆವರಿತ್ತು. ದಿಟ್ಟತನದಿಂದ ಆಡಿದ ಮಾತಲ್ಲ ಅದು. ಬೀದಿ ಮುಗಿಯುವ ತನಕ ತಲೆ ತಗ್ಗಿಸಿಕೊಂಡೇ ನಡೆದ.

ನಡುಮನೆಯಲ್ಲಿ ಹೊಸ ಸೀರೆ, ಬಳೆ, ಅರಿಸಿನ ಕುಂಕುಮ ಇಟ್ಟು ಬಾಳೆ ಎಲೆ ಹಾಸಿತ್ತು. ಕಜ್ಜಾಯ, ಒಬ್ಬಟ್ಟು, ಪಾಯಸ ಎಲ್ಲ ಬಡಿಸಿಯಾಗಿತ್ತು. ಚಿಕ್ಕಮಾದಮ್ಮ ಮೂಗಿಗೆ ಸೆರಗು ಹಿಡಿದಳು.

"ಏನಪ್ಪಾ ಇದು? ಯಾರ್ ಮಾಡಿದ್ದು?"

"ಮರಿತಾಯಮ್ಮ."

"ಅಯ್ಯೋ ಸಿವ್ನೆ! ನಿಂಗೇನ್ ತಲೆ ಕೆಟ್ಟದಾ? ಮಾದಪ್ಪನ್ ಪಟ ಇರೋ ಮನೇಲಿ ಮೀನಾ? ಅರಕೆ ಗತಿ ಏನು?"

"ಅರಕೆ ಒತ್ಕೊಂಡೋನು ನಾನು ಅಕ್ಕ. ಅವ್ಳಲ್ಲ."

ನೆಂಟರು ಗುಂಪಾಗಿ ಬಾಗಿಲಿಗೆ ಬಂದರು. ಚಿಕ್ಕಮಾದಮ್ಮ ತಮ್ಮನ ಕೈ ಹಿಡಿದು ದನಿ ತಗ್ಗಿಸಿದಳು. "ನೋಡು, ಜನ ಅವ್ರೆ. ಬದ್ನೇಕಾಯಿ ಪಲ್ಯ ಐತೆ, ಅದೇ ಸಾಕು. ಮೀನು ಅಂತ ಮನಸ್ಸಲ್ಲೇ ಅನ್ಕೊಂಡು ಇಕ್ಬುಡು. ಅವ್ಳೇನ್ ಬ್ಯಾಸ್ರ ಮಾಡ್ಕೊಳಕಿಲ್ಲ. ಅಡ್ಜಸ್ಟ್ ಮಾಡ್ಕೋ..."

ಅವಳು ಮಾತು ಮುಗಿಸಲಿಲ್ಲ. ಕರಿಯಪ್ಪ ಅಳುತ್ತಿದ್ದ. ಹೆಂಡತಿ ಸತ್ತ ದಿನ ಗುಂಡಿಯ ಮುಂದೆಯೂ ಅಳದೆ ನಿಂತಿದ್ದವನು, ಪಾತ್ರೆ ಹಿಡಿದುಕೊಂಡು ಎಲ್ಲರ ಎದುರು ಅಳುತ್ತಿದ್ದ. "ನಂಗೊತ್ತಿರ್ಲಿಲ್ಲ ಅಕ್ಕ. ಗೊತ್ತು ಅಂತ ಸುಳ್ ಯೋಳ್ದೆ. ಅವ್ಳಿಗೆ ಏನಿಷ್ಟ ಅಂತ ನಂಗೊತ್ತೇ ಇರ್ಲಿಲ್ಲ. ಊರೆಲ್ಲಾ ಕೇಳ್ಕೊಂಡ್ ಬಂದೆ."

ಸಿದ್ದೇಶ್ ಮುಂದೆ ಬಂದು ಎಲೆಯ ಮೇಲಿದ್ದ ಒಬ್ಬಟ್ಟನ್ನು ತೆಗೆದು ಬದಿಗಿಟ್ಟ. ಅರ್ಪಿತ ಕಜ್ಜಾಯ ತೆಗೆದಳು. ಎಲೆಯ ನಡುವೆ ಜಾಗವಾಯಿತು. ಅರ್ಪಿತ ಒಳಗಿನಿಂದ ಮುದ್ದೆ ತಂದಳು. ಕರಿಯಪ್ಪ ಬಗ್ಗಿ ಸಾರು ಬಡಿಸಿದ. ಮೀನಿನ ತಲೆಗಳನ್ನು ಹುಡುಕಿ ಹುಡುಕಿ ಮೇಲೆ ಇಟ್ಟ.

ದೀಪ ಹಚ್ಚುವ ಮೊದಲು ಏನೋ ನೆನಪಾಗಿ ಹಿತ್ತಲಿಗೆ ಹೋದ. ಬಚ್ಚಲ ನೀರು ಹರಿಯುವ ಕಡೆ ಒಡೆದ ಬಕೆಟ್ಟಿನಲ್ಲಿ ಒಂದು ಮೆಣಸಿನ ಗಿಡ ಇತ್ತು. ಖಾರವೇ ಇಲ್ಲದ ಮನೆಯಲ್ಲಿ ಈ ಗಿಡ ಯಾಕೆ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅವಳು ಹೋದ ಮೇಲೆ ಯಾರೂ ನೀರು ಹಾಕಿರಲಿಲ್ಲ. ಎಲೆ ಜೋತಿದ್ದವು. ಕಾಯಿ ಮಾತ್ರ ಗಟ್ಟಿಯಾಗಿದ್ದವು. ಒಂದು ಚೊಂಬು ನೀರು ಹೊಯ್ದು, ನಾಲ್ಕು ಕಾಯಿ ಕಿತ್ತು ತಂದು ಎಲೆಯ ತುದಿಗೆ ಇಟ್ಟ. ಉಪ್ಪಿನ ಪಕ್ಕಕ್ಕೋ ಮುದ್ದೆಯ ಪಕ್ಕಕ್ಕೋ, ಅವಳು ಎಲ್ಲಿ ಇಟ್ಟುಕೊಳ್ಳುತ್ತಿದ್ದಳೋ ಅವನಿಗೆ ಗೊತ್ತಿರಲಿಲ್ಲ. ಕೈಗೆ ಸುಲಭವಾಗಲೆಂದು ಬಲಕ್ಕೆ ಇಟ್ಟ.

ಬಾಗಿಲು ಮುಚ್ಚಿದರು. ಎಲ್ಲರೂ ಹೊರಗೆ ಬಂದು ಜಗಲಿಯ ಮೇಲೆ, ಚಪ್ಪರದ ಕೆಳಗೆ ಕೂತರು. ನೆಂಟರಲ್ಲಿ ಕೆಲವರು ಎದ್ದು ಹೋಗಿದ್ದರು. ಉಳಿದವರು ಟವಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಬಾಗಿಲ ಸಂದಿಯಿಂದ ಸಾರಿನ ವಾಸನೆ ಬರುತ್ತಿತ್ತು. ಕರಿಯಪ್ಪ ಹೊಸಿಲಿಗೆ ಬೆನ್ನು ಕೊಟ್ಟು ಕೂತ. ಒಳಗೆ ಅವಳು ಉಣ್ಣುತ್ತಿದ್ದಾಳೆ ಎಂದು ನೆನೆದ. ಅವಳ ಊಟಕ್ಕೆ ಅವನು ಕಾದದ್ದು ಇದೇ ಮೊದಲು. ಇದೇ ಕೊನೆಯೂ ಹೌದು. ಸಂಜೆ ಆ ಪಾತ್ರೆಯನ್ನು ತಾನೇ ತೊಳೆದು ಮರಿತಾಯಮ್ಮನಿಗೆ ಮುಟ್ಟಿಸಬೇಕು. ಅವಳು ಕೂರು ಎನ್ನುತ್ತಾಳೋ ಇಲ್ಲವೋ.

ಬಿಸಿಲು ಏರಿತು. ಚಿಕ್ಕಮಾದಮ್ಮ ಕೊನೆಗೆ ಮೆಲ್ಲಗೆ, "ತೆಗಿಯಪ್ಪ ಬಾಗ್ಲು, ಸಾಕು. ಎಲ್ರಿಗೂ ಒಟ್ಟೆ ಅಸ್ದದೆ. ಅವ್ಳು ಬೇಗ ಬೇಗ ಉಂಡೇಳೋಳು ಕಣಪ್ಪ" ಎಂದಳು.

"ನಾವು ಕರೀತಿದ್ವಿ, ಅದಕ್ಕೆ ಬೇಗ ಏಳೋಳು," ಎಂದ ಕರಿಯಪ್ಪ. "ಇವತ್ತು ಉಣ್ಲಿ ಇರು, ನಿಧಾನಕ್ಕೆ."

ಅವನು ಬಾಗಿಲಿಗೆ ಇನ್ನಷ್ಟು ಒರಗಿ ಕೂತ.